ಮೀಸಲು ತೆಗೆದಿಟ್ಟ ಅನ್ನ

ಉಳಿದ ಊಟಕ್ಕೆ ಕನ್ನಡದಲ್ಲಿ ಒಂದೇ ಹೆಸರಿಲ್ಲ. ಎಲೆಯಲ್ಲಿ ಬಿಟ್ಟದ್ದು ಎಂಜಲು. ಪಾತ್ರೆಗೆ ಮೆತ್ತಿಕೊಂಡದ್ದು ಮುಸುರೆ. ರಾತ್ರಿ ಕಳೆದದ್ದು ತಂಗಳು. ಕೆಟ್ಟದ್ದು ಹಳಸಲು. ಎಲ್ಲರಿಗೂ ಬಡಿಸಿ ಆದ ಮೇಲೆ ತಪ್ಪಲೆಯಲ್ಲಿ ನಿಂತದ್ದು ಮಿಕ್ಕಿದ್ದು. ಇವೆಲ್ಲಕ್ಕೂ ಮೊದಲೇ, ಯಾರೂ ಸೌಟು ಹಾಕುವ ಮುಂಚೆ ತೆಗೆದಿಟ್ಟದ್ದು ಮೀಸಲು. ಅನ್ನದಾನದ ಮಾತು ಬಂದಾಗ ನಮ್ಮ ಕಣ್ಣು ಹೋಗುವುದು ಮಿಕ್ಕಿದ್ದರ ಕಡೆಗೆ. ಹೋಗಬೇಕಾದದ್ದು ಮೀಸಲಿನ ಕಡೆಗೆ. ಇದರಲ್ಲಿ ಉಣ್ಣುವವರ ಮರ್ಯಾದೆಯ ಪ್ರಶ್ನೆ ಇದೆ. ಅದಕ್ಕೂ ಮುಂಚೆ ಅವರ ಹೊಟ್ಟೆ ಕೆಡದೆ ಇರುವ ಪ್ರಶ್ನೆ ಇದೆ.

2012ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ನಗರದ ಕಲ್ಯಾಣ ಮಂಟಪಗಳನ್ನು ಸುತ್ತಿ ಸಮೀಕ್ಷೆ ಮಾಡಿದರು. ಮದುವೆ ಮನೆಗಳಲ್ಲೇ ವರ್ಷಕ್ಕೆ 943 ಟನ್ ಒಳ್ಳೆಯ ಊಟ ಹಾಳಾಗುತ್ತದೆ ಎಂಬ ಲೆಕ್ಕ ಹೊರಬಂತು. ಈ ಅಂಕಿ ಕೇಳಿದ ಯಾರಿಗಾದರೂ ಮೊದಲು ಹೊಳೆಯುವುದು ಒಂದೇ: ಒಂದು ವ್ಯಾನ್ ಕಳಿಸಿ, ತಂದು ಹಂಚಿದರೆ ಆಯಿತಲ್ಲ? ಆಗುವುದಿಲ್ಲ. ಗಡಿಯಾರ ಇಟ್ಟುಕೊಂಡು ನೋಡಿ.

ಮುಹೂರ್ತದ ಊಟಕ್ಕೆ ಮೊದಲ ಅನ್ನ ಬಸಿದು ಇಳಿಸುವುದು ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ. ಹನ್ನೆರಡಕ್ಕೆ ಮೊದಲ ಪಂಕ್ತಿ, ಮೂರಕ್ಕೆ ಕೊನೆಯದು. ಮೂರೂವರೆಗೆ ಮನೆಯವರು ಅಡುಗೆಕೋಣೆಗೆ ಇಣುಕಿ, “ಅಯ್ಯೋ, ಇಷ್ಟು ಉಳೀತಲ್ಲ” ಎಂದು ಯಾರಿಗೋ ಫೋನ್ ಮಾಡುತ್ತಾರೆ. ಸ್ವಯಂಸೇವಕರು ಬಂದು ತಲುಪುವಾಗ ನಾಲ್ಕೂವರೆ. ತುಂಬಿಸಿ, ಟ್ರಾಫಿಕ್ ದಾಟಿ, ಜಾಗ ಹುಡುಕಿ, ಸಾಲು ನಿಲ್ಲಿಸಿ ಬಡಿಸುವಾಗ ಆರೂವರೆ. ಆ ಅನ್ನ ಒಲೆಯಿಂದ ಇಳಿದು ಎಂಟು ಗಂಟೆ. ಊಟ ಉಳಿದ ಹೊತ್ತಿನಿಂದ ಎಣಿಸಿದರೆ ಮೂರೇ ಗಂಟೆ ಅನ್ನಿಸುತ್ತದೆ, ಮೋಸ ಆಗುವುದು ಇಲ್ಲೇ. ಎಣಿಸಬೇಕಾದದ್ದು ಒಲೆಯಿಂದ ಇಳಿದ ಹೊತ್ತಿನಿಂದ.

ಬಿಸಿ ಊಟ 60 ಡಿಗ್ರಿಗಿಂತ ಮೇಲಿರಬೇಕು, ತಣ್ಣಗಿಡುವುದು 5 ಡಿಗ್ರಿಗಿಂತ ಕೆಳಗಿರಬೇಕು. ನಡುವಿನ ಹೊತ್ತು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಅಕ್ಕಿಯ ಜೊತೆ ಹೊಲದ ಮಣ್ಣಿನಿಂದಲೇ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬಂದಿರುತ್ತವೆ. ಎಸರು ಎಷ್ಟು ಕುದಿದರೂ ಅವು ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗಾದಾಗ ಎಚ್ಚೆತ್ತು, ಬೆಳೆದು, ವಾಂತಿ ತರಿಸುವ ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ “ಚೆನ್ನಾಗಿ ಕಾಯಿಸಿಯೇ ಕೊಟ್ಟೆವು” ಎಂಬ ಸಮಾಧಾನಕ್ಕೆ ಅರ್ಥವಿಲ್ಲ. ಹುಳಿ, ಸಾಗು, ಮಾಂಸದ ಸಾರಿನ ದೊಡ್ಡ ಪಾತ್ರೆಗಳಲ್ಲಿ ಇನ್ನೊಂದು ತೊಂದರೆ. ಗಾಳಿಯಾಡದ ತಳದಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಬೆಳೆಯುತ್ತದೆ, 45 ಡಿಗ್ರಿಯ ಆಸುಪಾಸಿನಲ್ಲಿ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತದೆ. ಮೂಗನ್ನು ನಂಬುವಂತಿಲ್ಲ. ಹಳಸಿದ ವಾಸನೆ ತರುವ ಜೀವಿಗಳೇ ಬೇರೆ, ಕಾಯಿಲೆ ತರುವವೇ ಬೇರೆ. ವಾಸನೆ ಚೆನ್ನಾಗಿದ್ದೂ ಊಟ ಕೆಟ್ಟಿರಬಹುದು.

ಇಲ್ಲಿ ಹಿರಿಯರು ಒಂದು ಪ್ರಶ್ನೆ ಕೇಳುತ್ತಾರೆ, ನ್ಯಾಯವಾದ ಪ್ರಶ್ನೆ. ನಾವೆಲ್ಲ ತಂಗಳನ್ನ ತಿಂದೇ ಬೆಳೆದವರಲ್ಲವೇ? ಹೌದು. ಆದರೆ ಮನೆಯಲ್ಲಿ ಉಳಿಯುತ್ತಿದ್ದದ್ದು ಒಂದು ಪಾವಿನ ಅನ್ನ. ಅಗಲ ಪಾತ್ರೆಯಲ್ಲಿ ಅದು ಅರ್ಧ ಗಂಟೆಯಲ್ಲಿ ಆರುತ್ತದೆ. ಅದಕ್ಕೆ ನೀರು ಹೊಯ್ದಿಟ್ಟರೆ ರಾತ್ರಿಯೆಲ್ಲ ಹುಳಿಯೇರುತ್ತದೆ, ಆ ಹುಳಿಯೇ ಕಾವಲು. ಕೊಳದಪ್ಪಲೆಯಲ್ಲಿ ಒತ್ತಿ ತುಂಬಿದ ಮೂವತ್ತು ಕೆ.ಜಿ. ಅನ್ನ ಹಾಗಲ್ಲ. ಸಂಜೆ ಆರಕ್ಕೆ ಮೇಲ್ಗಡೆ ತಣ್ಣಗಾಗಿರುತ್ತದೆ. ಸೌಟನ್ನು ನಡುವಿಗೆ ಇಳಿಸಿ ಎತ್ತಿದರೆ ಇನ್ನೂ ಸಣ್ಣಗೆ ಹಬೆ, ಮುಟ್ಟಿದರೆ ಮೈ ಬಿಸಿಗಿಂತ ಸ್ವಲ್ಪ ಹೆಚ್ಚು. ಬ್ಯಾಕ್ಟೀರಿಯಾಕ್ಕೆ ಬೇಕಾದ ಶಾಖ ಅದೇ. ಅಜ್ಜಿಯ ಅನುಭವ ಒಂದು ಪಾವಿಗೆ ಸರಿ, ಛತ್ರದ ತಪ್ಪಲೆಗೆ ಸರಿಹೋಗುವುದಿಲ್ಲ.

ಮೀಸಲು ತೆಗೆಯುವುದು ಹೇಗೆ? ಮದುವೆಗೆ ಅಡುಗೆ ಕಾಂಟ್ರಾಕ್ಟ್ ಮಾತಾಡುವ ದಿನವೇ ಹೇಳಿಬಿಡಬೇಕು: ಎಂಟು ನೂರು ಎಲೆಯ ಜೊತೆ ಇನ್ನು ಎಂಬತ್ತು ಜನಕ್ಕೆ, ಹನ್ನೊಂದು ಗಂಟೆಗೆ ಪ್ರತ್ಯೇಕ. ಹತ್ತು ಕೆ.ಜಿ. ಅಕ್ಕಿಗೆ 25ರಿಂದ 28 ಕೆ.ಜಿ. ಅನ್ನ ಆಗುತ್ತದೆ. ತಲೆಗೆ 300ರಿಂದ 350 ಗ್ರಾಂ ಎಂದರೆ ಎಂಬತ್ತು ಜನಕ್ಕೆ ಸಾಕು. ಹುಳಿ ತಲೆಗೆ 200 ಮಿ.ಲೀ., ಅಂದರೆ 16 ಲೀಟರ್. ದೊಡ್ಡ ಹಾಟ್‌ಬಾಕ್ಸ್‌ಗಳಿಗೆ ಮೊದಲು ಕುದಿಯುವ ನೀರು ಹೊಯ್ದು ಹತ್ತು ನಿಮಿಷ ಮುಚ್ಚಿಡಬೇಕು. ನೀರು ಚೆಲ್ಲಿದ ಕೂಡಲೇ ಒಲೆಯಿಂದ ಇಳಿದ ಅನ್ನವನ್ನು ಕಂಠಪೂರ್ತಿ ತುಂಬಬೇಕು. ಅರ್ಧ ತುಂಬಿದ ಡಬ್ಬ ಬೇಗ ಆರುತ್ತದೆ, ಹೆಚ್ಚಿನವರು ತಪ್ಪುವುದು ಇಲ್ಲಿ. ತೆಗೆದುಕೊಳ್ಳುವವರ ಕೈಯಲ್ಲಿ ಒಂದು ಚುಚ್ಚುವ ಥರ್ಮಾಮೀಟರ್ ಇರಲೇಬೇಕು. ಪಾತ್ರೆಯ ಅಂಚಿಗಲ್ಲ, ನಡುವಿಗೆ ಚುಚ್ಚಿ ನೋಡಬೇಕು. ಹೊರಡುವಾಗ 75 ಡಿಗ್ರಿ ತೋರಿಸಿದರೆ, ಒಂದೂವರೆಗೆ ಬಡಿಸುವಾಗಲೂ 60ರ ಮೇಲೆ ಉಳಿಯುವ ಸಾಧ್ಯತೆ ಚೆನ್ನಾಗಿದೆ. ಊಟ ಅಲ್ಲಿ ತಲುಪಿದಾಗ ಮತ್ತೆ ಚುಚ್ಚಿ ನೋಡಿ. ಆಗ ಉಣ್ಣುವವರು ಮಧ್ಯಾಹ್ನದ ಊಟವನ್ನು ಮಧ್ಯಾಹ್ನವೇ ಉಣ್ಣುತ್ತಾರೆ, ಛತ್ರದಲ್ಲಿ ಕೂತವರ ಜೊತೆಜೊತೆಗೇ.

ಇನ್ನೂ ಒಂದು ಕೆಲಸ ಅಡುಗೆಯವರಿಗೆ ಬಿಟ್ಟದ್ದು. ಕೊನೆಯ ಅಕ್ಕಿಯನ್ನು ಮೂರನೇ ಪಂಕ್ತಿ ಕೂರುವ ತನಕ ಎಸರಿಗೆ ಹಾಕಬಾರದು. ಅನುಭವಸ್ಥ ಭಟ್ಟರು ಹೇಗೂ ಹೀಗೆ ಮಾಡುತ್ತಾರೆ, ಆದರೆ “ಕಡಿಮೆ ಬಿದ್ದರೆ ಮಾನ ಹೋಗುತ್ತೆ” ಎಂದು ಮನೆಯವರು ಹಿಂದೆ ನಿಂತು ಒತ್ತಾಯಿಸಿ ಹಾಕಿಸುತ್ತಾರೆ. ಒಲೆಗೆ ಏರದ ಅಕ್ಕಿ ನಾಳೆಯೂ ಅಕ್ಕಿಯೇ. ಹೆಚ್ಚದ ಕುಂಬಳಕಾಯಿ ವಾರ ಕಳೆದರೂ ಕುಂಬಳಕಾಯಿಯೇ. ಅವನ್ನು ಯಾವ ಹೊತ್ತಿಗೆ ಬೇಕಾದರೂ ಕೊಡಬಹುದು.

ಇಷ್ಟಾದರೂ ಉಳಿದರೆ, ಆರಿಸಿ ತೆಗೆದುಕೊಳ್ಳುವುದನ್ನು ಕಲಿಯಬೇಕು. ಬಡಿಸುವ ಬಕೆಟ್‌ಗಳಲ್ಲಿ ಇರುವುದು ಬೇಡ. ಪಂಕ್ತಿಯಲ್ಲಿ ಹತ್ತಾರು ಕೈ ದಾಟಿದ್ದು ಅದು. ಅಡುಗೆಕೋಣೆಯಲ್ಲಿ ಮುಚ್ಚಿಟ್ಟ ಪಾತ್ರೆಯದ್ದು ಮಾತ್ರ. ಕೋಸಂಬರಿ ಖಂಡಿತ ಬೇಡ: ಹಸಿ ಬೇಳೆ, ಹಸಿ ಕಾಯಿತುರಿ, ಉಪ್ಪಿಗೆ ಬಿಟ್ಟ ನೀರು. ಕಾಯಿ ಹಾಕಿದ ಪಲ್ಯ, ಮಜ್ಜಿಗೆ ಹುಳಿ, ಕಾಯಿಹಾಲಿನ ಪಾಯಸ ಇವೂ ಬೇಡ. ಕಾಯಿ ರುಬ್ಬಿ ಹಾಕಿದ ಹುಳಿಗಿಂತ ಬರೀ ಹುಣಸೆಹಣ್ಣಿನ ತಿಳಿಸಾರು ಹೆಚ್ಚು ತಾಳುತ್ತದೆ. ಅನ್ನದ ಬಗೆಗಳಲ್ಲಿ ಪುಳಿಯೋಗರೆ ವಾಸಿ. ಗೊಜ್ಜಿನ ಹುಳಿ, ಎಣ್ಣೆ ಎರಡೂ ಅದನ್ನು ಕಾಯುತ್ತವೆ. ಹಾಗಂತ ಅನ್ನ ಅನ್ನವೇ, ಅದಕ್ಕೂ ಗಡಿಯಾರ ಇದೆ. ಲಾಡು, ಮೈಸೂರುಪಾಕು, ಚಿರೋಟಿಗೆ ಅವಸರವಿಲ್ಲ, ಚಿರೋಟಿಯ ಹಾಲು ಮಾತ್ರ ಬಿಟ್ಟುಬಿಡಿ. ಹೋಳಿಗೆಯನ್ನು ಬಿಸಿಬಿಸಿಯಾಗಿ ಒಂದರ ಮೇಲೊಂದು ಪೇರಿಸಿ ಮುಚ್ಚಿದರೆ ಬೆವರಿ ಹಾಳಾಗುತ್ತದೆ. ಆರಿದ ಮೇಲೆ ಪೇಪರ್ ಹಾಕಿ ಜೋಡಿಸಿದರೆ ಮಾರನೆಯ ದಿನಕ್ಕೂ ಚೆನ್ನಾಗಿರುತ್ತದೆ.

ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಹೆಚ್ಚುವರಿ ಆಹಾರ ಹಂಚುವ ಬಗ್ಗೆ 2019ರಲ್ಲಿ ನಿಯಮ ತಂದಿದೆ, 2020ರ ಜುಲೈನಿಂದ ಅದು ಜಾರಿಯಲ್ಲಿದೆ. ಬೇಯಿಸಿದ ಆಹಾರದ ಪಾತ್ರೆಗೆ ಹೆಸರು, ಎಲ್ಲಿಂದ ಬಂತು, ಯಾವಾಗ ತಯಾರಾಯಿತು, ಸಸ್ಯಾಹಾರವೋ ಮಾಂಸಾಹಾರವೋ ಎಂದು ಚೀಟಿ ಅಂಟಿಸಬೇಕು. ತಯಾರಾದ ದಿನದ ಜೊತೆ ಗಂಟೆಯನ್ನೂ ಬರೆಯಿರಿ. ಬಡಿಸುವವರಿಗೆ ಬೇಕಾಗುವುದು ಅದೇ. ಸಾರ್ವಜನಿಕ ಫ್ರಿಜ್‌ಗಳಲ್ಲಿ ಊಟ ಇಡುವವರಿಗೂ ಇದೇ ಮಾತು. ಗಂಟೆ ಬರೆಯದ ಡಬ್ಬವನ್ನು ನಿರ್ವಾಹಕರು ಎಸೆಯಬೇಕಾಗುತ್ತದೆ, ಆಗ ಕೊಟ್ಟದ್ದೂ ವ್ಯರ್ಥ.

ಬೇಯಿಸದೆ ಕೊಡುವ ದಿನಸಿಯ ಕಥೆ ಬೇರೆ. ಫುಡ್ ಬ್ಯಾಂಕ್ ಎಂಬ ಹೆಸರು ಹುಟ್ಟಿದ್ದು ಅಮೆರಿಕದ ಅರಿಜೋನಾದಲ್ಲಿ. 1967ರಲ್ಲಿ ಜಾನ್ ವ್ಯಾನ್ ಹೆಂಗೆಲ್ ಎಂಬವರು ಫೀನಿಕ್ಸ್ ನಗರದಲ್ಲಿ, ಅಂಗಡಿಗಳು ಬಿಸಾಡುವ ಒಳ್ಳೆಯ ಪದಾರ್ಥಗಳನ್ನು ಠೇವಣಿಯಂತೆ ಒಂದೆಡೆ ಸೇರಿಸಿ ಬೇಕಾದವರಿಗೆ ಕೊಡುವ ಗೋದಾಮು ತೆರೆದರು. ಬ್ರಿಟನ್ನಿನಲ್ಲಿ ಟ್ರಸೆಲ್ ಸಂಸ್ಥೆಯ ಫುಡ್ ಬ್ಯಾಂಕ್ ಜಾಲ 2000ದಲ್ಲಿ ಸಾಲಿಸ್ಬರಿಯಿಂದ ಶುರುವಾಯಿತು. ಮೂರು ದಿನಕ್ಕಾಗುವಷ್ಟು ಒಣ ದಿನಸಿ, ಡಬ್ಬಿ ಆಹಾರ ಕೊಡುವುದು ಅವರ ಕ್ರಮ. ಕೆಲವು ವರ್ಷಗಳಲ್ಲಿ ಅಲ್ಲಿನವರಿಗೆ ಒಂದು ಸಂಗತಿ ತಿಳಿಯಿತು. ಕೆಲವರ ಹತ್ತಿರ ಒಲೆಯೇ ಇಲ್ಲ, ಇರುವುದು ನೀರು ಕಾಯಿಸುವ ಕೆಟಲ್ ಮಾತ್ರ. ಅವರಿಗೆಂದು ಬಿಸಿನೀರು ಹಾಕಿದರೆ ಸಿದ್ಧವಾಗುವ ತಿನಿಸುಗಳ ಬೇರೆ ಪೊಟ್ಟಣ ಕಟ್ಟತೊಡಗಿದರು. 2022ರಲ್ಲಿ ಗ್ಯಾಸ್, ಕರೆಂಟಿನ ಬೆಲೆ ಏರಿದಾಗ ಕೆಲವರು ಆಲೂಗಡ್ಡೆಯನ್ನೇ ಬೇಡವೆಂದರು, ಬೇಯಿಸಲು ತಗಲುವ ಖರ್ಚಿಗೆ ಹೆದರಿ.

ಅದೇ ವರ್ಷದ ಮೇ ತಿಂಗಳಲ್ಲಿ ಲೀ ಆಂಡರ್ಸನ್ ಎಂಬ ಸಂಸದರು ಅಲ್ಲಿನ ಸಂಸತ್ತಿನಲ್ಲಿ ಎದ್ದು, ಜನಕ್ಕೆ ಸರಿಯಾಗಿ ಅಡುಗೆ ಮಾಡಲು, ದುಡ್ಡು ಲೆಕ್ಕ ಹಾಕಲು ಬಾರದು, ಮನೆಯಲ್ಲೇ ಮಾಡಿಕೊಂಡರೆ 30 ಪೆನ್ಸಿನಲ್ಲಿ ಊಟ ಆಗುತ್ತದೆ ಎಂಬರ್ಥದ ಮಾತಾಡಿದರು. ದೊಡ್ಡ ಗದ್ದಲವಾಯಿತು. ಈ ಮಾತು ನಮ್ಮಲ್ಲೂ ಹೊಸದಲ್ಲ. “ಮನೇಲಿ ಅನ್ನ ಸಾರು ಮಾಡ್ಕೊಂಡ್ರೆ ಎಷ್ಟಾಗುತ್ತೆ?” ಎಂದು ಕೇಳುವವರು ಬೇಳೆಯ ಬೆಲೆ ಮಾತ್ರ ಎಣಿಸುತ್ತಾರೆ. ಒಬ್ಬರ ಸಾರಿಗೆ 40 ಗ್ರಾಂ ಬೇಳೆ ಸಾಕು, ಸರಿ. ಆದರೆ ಆ ಸಾರಿಗೆ ಉಪ್ಪು, ಹುಣಸೆ, ಸಾರಿನ ಪುಡಿ, ಸಾಸಿವೆ, ಇಂಗು, ಎಣ್ಣೆ ಇವೆಲ್ಲ ಮೊದಲ ದಿನವೇ ಮನೆಯಲ್ಲಿರಬೇಕು. ಕುಕ್ಕರ್ ಬೇಕು, ಸಿಲಿಂಡರ್ ಬೇಕು, ತೊಳೆಯಲು ನೀರು ಬೇಕು. ಸಂಜೆ ಏಳಕ್ಕೆ ಕೆಲಸ ಬಿಟ್ಟು ಬಂದವರಿಗೆ ಇನ್ನೊಂದು ಗಂಟೆ ನಿಲ್ಲುವ ಕಾಲು ಬೇಕು. ಐದು ಜನ ಒಟ್ಟಿಗೆ ಬೇಯಿಸಿಕೊಳ್ಳುವ ರೂಮಿನಲ್ಲಿ ಮನೆ ಅಡುಗೆ ಅಗ್ಗ. ಒಂಟಿ ಕೂಲಿಯವನಿಗೆ ಅಲ್ಲ. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನ್ ಶುರುವಾದಾಗ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ. ಆ ಸಾಲಿನಲ್ಲಿ ನಿಂತವರು ಅಡುಗೆ ಬಾರದವರಲ್ಲ, ಲೆಕ್ಕ ಬಲ್ಲವರು.

ಮನೆ ಅಡುಗೆಯ ಬಗ್ಗೆ ನಮ್ಮ ಭಾವನೆ ಎಷ್ಟು ಬದಲಾಗಿದೆ ಎಂಬುದಕ್ಕೆ ದೋಸೆ ಹಿಟ್ಟಿನ ಪ್ಯಾಕೆಟ್ ಸಾಕು. ನೆನೆಸಿ, ರುಬ್ಬಿ, ಉಬ್ಬಲು ಬಿಡುವ ಕೆಲಸವನ್ನು ನಗರದ ಎಷ್ಟೋ ಮನೆಗಳು ಅಂಗಡಿಗೆ ಒಪ್ಪಿಸಿವೆ. ಒಪ್ಪಿಸಿದ್ದರಲ್ಲಿ ತಪ್ಪಿಲ್ಲ, ಹೆಂಗಸರ ರಟ್ಟೆಗೆ ಬಿಡುವು ಸಿಕ್ಕಿತು. ತಮ್ಮ ಮನೆಗೆ ಬೇಕೆನಿಸಿದ ಆ ಬಿಡುವು ದಿನಸಿ ಪಡೆಯುವ ಮನೆಗೂ ಬೇಕು ಎಂಬುದು ಮಾತ್ರ ಕೊಡುವವರಿಗೆ ನೆನಪಾಗುವುದಿಲ್ಲ.

2020ರ ಲಾಕ್‌ಡೌನ್ ಹೊತ್ತಿನಲ್ಲಿ ಹಂಚಿದ ಎಷ್ಟೋ ರೇಷನ್ ಕಿಟ್‌ಗಳಲ್ಲಿ ಹತ್ತು ಕೆ.ಜಿ. ಅಕ್ಕಿಗೆ ಒಂದು ಕೆ.ಜಿ. ಬೇಳೆ ಇರುತ್ತಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕ ಬೇರೆ: ದಿನಕ್ಕೆ ಒಬ್ಬರಿಗೆ 250 ಗ್ರಾಂ ಧಾನ್ಯಕ್ಕೆ 85 ಗ್ರಾಂ ಬೇಳೆಕಾಳು. ನಾಲ್ಕು ಜನರ ಮನೆಗೆ ಒಂದು ವಾರಕ್ಕೆ ಗುಣಿಸಿದರೆ ಧಾನ್ಯ 7 ಕೆ.ಜಿ., ಬೇಳೆಕಾಳು ಸುಮಾರು 2.4 ಕೆ.ಜಿ., ಎಣ್ಣೆ ಒಂದು ಲೀಟರಿಗೂ ಕಡಿಮೆ, ಶೇಂಗಾದಂಥ ಬೀಜ ಒಂದು ಕೆ.ಜಿ. ಮೈಮುರಿದು ದುಡಿಯುವವರಿದ್ದರೆ ಧಾನ್ಯ ಹೆಚ್ಚಿಸಬೇಕು. ಕಾರ್ಡ್ ಇರುವ ಮನೆಗೆ 2013ರಿಂದ ಅನ್ನಭಾಗ್ಯದ ಅಕ್ಕಿ ಹೇಗೂ ಬರುತ್ತಿದೆ. ಅಲ್ಲಿಗೆ ಮತ್ತೆ ಅಕ್ಕಿಯ ಮೂಟೆ ಹೊರುವ ಬದಲು ಬೇಳೆ, ಶೇಂಗಾ, ಎಣ್ಣೆ, ಮೊಟ್ಟೆ ಕೊಡುವುದು ಲೇಸು. ಕಾರ್ಡ್ ಇಲ್ಲಿ ನಡೆಯದ ವಲಸೆ ಕುಟುಂಬಕ್ಕೆ ಅಕ್ಕಿಯೂ ಬೇಕು. ಕೇಳದೆ ಕಿಟ್ ಕಟ್ಟಬಾರದು. ಕೇಳಲು ನಾಲ್ಕೇ ಪ್ರಶ್ನೆ: ಎಷ್ಟು ಜನ, ಒಲೆ ಯಾವುದು, ಕುಕ್ಕರ್ ಇದೆಯೇ, ಏನು ತಿನ್ನುತ್ತೀರಿ.

ಕುಕ್ಕರಿನ ಪ್ರಶ್ನೆ ಏಕೆ? ತೊಗರಿಬೇಳೆ ಕುಕ್ಕರಿನಲ್ಲಿ ನಾಲ್ಕು ಕೂಗಿಗೆ ಬೇಯುತ್ತದೆ. ಬರಿ ಪಾತ್ರೆಯಲ್ಲಿ ಮುಕ್ಕಾಲು ಗಂಟೆ, ಹಳೇ ದಾಸ್ತಾನಾದರೆ ಇನ್ನೂ ಹೆಚ್ಚು. ಕೊಳವೆಬಾವಿಯ ಗಡಸು ನೀರಿನಲ್ಲಿ ಕೆಲವೊಮ್ಮೆ ಬೇಯುವುದೇ ಇಲ್ಲ, ನೀರಿನ ಸುಣ್ಣದ ಅಂಶ ಬೇಳೆಯನ್ನು ಬಿಗಿ ಹಿಡಿಯುತ್ತದೆ. ಹುಣಸೆ, ಟೊಮೆಟೊವನ್ನು ಬೇಳೆ ಬೆಂದ ಮೇಲೆ ಹಾಕಬೇಕು, ಮೊದಲೇ ಹಾಕಿದರೆ ಗಟ್ಟಿಯಾಗಿಯೇ ಉಳಿಯುತ್ತದೆ. ಕುಕ್ಕರ್ ಇಲ್ಲದ ಮನೆಗೆ ಹೆಸರುಬೇಳೆ ಕೊಡಿ. ಅರ್ಧ ಗಂಟೆ ನೆನೆಸಿದರೆ ಇಪ್ಪತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ, ಗ್ಯಾಸೂ ಉಳಿಯುತ್ತದೆ. ಅಕ್ಕಿಯೂ ಒಂದೇ ಅಲ್ಲ. ಕರಾವಳಿಯವರಿಗೆ ಕುಚ್ಚಲಕ್ಕಿ, ಹಳೇ ಮೈಸೂರಿನವರಿಗೆ ರಾಗಿ, ಬಿಹಾರದವರಿಗೆ ಗೋಧಿ ಹಿಟ್ಟು. ಹಿಟ್ಟುಗಳಿಗೂ ಆಯುಸ್ಸಿದೆ. ಸಜ್ಜೆ ಹಿಟ್ಟು ಬೇಗ ಕಮಟುತ್ತದೆ. ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗಿ ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ. ಈ ಎರಡನ್ನು ಕಾಳಾಗಿಯೇ ಇಟ್ಟು, ಹಂಚುವ ವಾರ ಬೀಸಿಸಬೇಕು.

ಅಪಾರ್ಟ್‌ಮೆಂಟುಗಳಲ್ಲಿ ಸಂಗ್ರಹದ ಪೆಟ್ಟಿಗೆ ಇಟ್ಟರೆ ತುಂಬುವುದು ಬೇರೆಯದೇ. ಅರ್ಧ ಮುಗಿದ ಓಟ್ಸ್, ಯಾರೋ ಉಡುಗೊರೆ ಕೊಟ್ಟ ಪಾಸ್ತಾ, ಮುಚ್ಚಳ ಒಡೆದ ಸಾಸ್. ತೆರೆದ ಪೊಟ್ಟಣ ತೆಗೆದುಕೊಳ್ಳಲೇಬಾರದು. ನುಸಿ ಹತ್ತಿದ ಒಂದು ಚೀಲ ಬಂದರೆ ಇಡೀ ಗೋದಾಮಿಗೆ ಹರಡುತ್ತದೆ. ಹಾಗಾಗಿ ಬಂದ ಧಾನ್ಯವನ್ನು ಒಂದು ವಾರ ಬೇರೆ ಕೋಣೆಯಲ್ಲಿಟ್ಟು ನೋಡಿ, ಆಮೇಲೆ ಒಳಗೆ ಸೇರಿಸಬೇಕು.

ಇದಕ್ಕಿಂತ ಒಳ್ಳೆಯ ಕ್ರಮ ನಮ್ಮಲ್ಲೇ ಇತ್ತು: ಹಿಡಿ ಅಕ್ಕಿ. ಅನ್ನಕ್ಕೆ ಅಕ್ಕಿ ಅಳೆಯುವಾಗ ಮೊದಲು ಒಂದು ಹಿಡಿ ತೆಗೆದು ಪಕ್ಕದ ಡಬ್ಬಕ್ಕೆ ಹಾಕುವುದು. ಒಂದು ಹಿಡಿ ಸುಮಾರು 40 ಗ್ರಾಂ. ತಿಂಗಳಿಗೆ ಒಂದು ಮನೆಯಿಂದ 1.2 ಕೆ.ಜಿ., ಐವತ್ತು ಮನೆಯಿಂದ 60 ಕೆ.ಜಿ. ತೊಡಕು ಒಂದಿದೆ. ಹಳೇ ಅಕ್ಕಿ, ಹೊಸ ಅಕ್ಕಿ, ಸ್ಟೀಮ್ ಅಕ್ಕಿ ಎಲ್ಲ ಬೆರೆತರೆ ಒಂದು ಮುದ್ದೆಯಾಗುವಾಗ ಇನ್ನೊಂದು ನಡುವೆ ಕಾಳಾಗಿರುತ್ತದೆ. ಬಗೆಬಗೆಗೆ ಬೇರೆ ಡಬ್ಬ ಇಡಿ, ಇಲ್ಲವೇ ಬೆರೆತದ್ದನ್ನು ತರಿಯಾಗಿ ಒಡೆಸಿ ಉಪ್ಪಿಟ್ಟಿಗೆ ಕೊಡಿ.

ಒಲೆಯೇ ಇಲ್ಲದವರಿಗೆ, ನೆರೆ ಬಂದು ಶಾಲೆಯ ವರಾಂಡದಲ್ಲಿ ಮಲಗಿದವರಿಗೆ, ಕೊಡುವುದೂ ನಮ್ಮ ಅಡುಗೆಮನೆಯಲ್ಲೇ ಇದೆ. ತೆಳು ಅವಲಕ್ಕಿ, ಹುರಿಗಡಲೆ, ಹುರಿದ ಶೇಂಗಾ, ಬೆಲ್ಲ, ರಾಗಿ ಹುರಿಹಿಟ್ಟು. ಹುರಿಹಿಟ್ಟು ಅರಳಿಸಿದ ರಾಗಿಯದ್ದಾದ್ದರಿಂದ ನೀರಲ್ಲೋ ಮಜ್ಜಿಗೆಯಲ್ಲೋ ಕಲಸಿದರೆ ಸಾಕು. ಇವುಗಳ ಜೊತೆ ಕುಡಿಯುವ ನೀರಿನ ಕ್ಯಾನ್ ಹೋಗಲೇಬೇಕು. ನೆರೆಯ ನೀರಿನಲ್ಲಿ ನೆನೆಸಿದ ಅವಲಕ್ಕಿ ವಾಂತಿಭೇದಿಗೆ ದಾರಿ.

ಎಲ್ಲಕ್ಕಿಂತ ಮೇಲು ಜೋಳದ ಖಡಕ್ ರೊಟ್ಟಿ. ಪ್ರತಿ ಜನವರಿಯ ಹೊತ್ತಿಗೆ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರ್‌ಗಳಲ್ಲಿ, ಚಕ್ಕಡಿಗಳಲ್ಲಿ ಲಕ್ಷಗಟ್ಟಲೆ ರೊಟ್ಟಿ ಬರುತ್ತದೆ. ಅದರಲ್ಲಿ ಮನೆಯಲ್ಲಿ ಮಿಕ್ಕ ರೊಟ್ಟಿ ಒಂದೂ ಇಲ್ಲ. ಜಾತ್ರೆಗೆಂದೇ ಓಣಿಯ ಹೆಣ್ಣುಮಕ್ಕಳು ಒಟ್ಟಿಗೆ ಕೂತು ಬಡಿದದ್ದು. ಅಲ್ಲಿ ಉಣ್ಣಲು ಬಂದವರ ಕಾರ್ಡ್ ಯಾರೂ ಕೇಳುವುದಿಲ್ಲ.

ಇದನ್ನು ಮಾಡುವವರಿಗೆ ತಿಳಿದ ಒಂದೆರಡು ಸಂಗತಿ ಹೊರಗಿನವರೂ ತಿಳಿಯಬೇಕು. ರೊಟ್ಟಿ ತೆಳುವಾಗಿರಬೇಕು. ಹಂಚಿನ ಮೇಲೆ ಹಾಕಿದ ಕೂಡಲೇ ನೀರು ಸವರಿ, ಎರಡೂ ಕಡೆ ಬೇಯಿಸಿ, ಒಲೆಯ ಬದಿಗೆ ಆನಿಸಿ ನಿಲ್ಲಿಸಬೇಕು, ಮಲಗಿಸಬಾರದು. ಆಮೇಲೆ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರಡಿ ಒಂದಿಡೀ ದಿನ ಆರಲು ಬಿಡಬೇಕು. ಮುರಿದರೆ ಹಪ್ಪಳದಂತೆ ಪಟ್ ಎನ್ನಬೇಕು, ಬಾಗಿದರೆ ಒಳಗಿನ್ನೂ ನೀರಿದೆ ಎಂದರ್ಥ. ಅವಸರಕ್ಕೆ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದ್ದು ಮೂರನೇ ದಿನಕ್ಕೆ ಬೂಸಲು ಹಿಡಿಯುತ್ತದೆ. ಪೂರ್ತಿ ಆರಿಸಿ ಬಟ್ಟೆಯಲ್ಲಿ ಸುತ್ತಿ ರಟ್ಟಿನ ಡಬ್ಬಕ್ಕೆ ನಿಲ್ಲಿಸಿ ಜೋಡಿಸಿದ್ದು ತಿಂಗಳು ಬಾಳುತ್ತದೆ, ಲಾರಿಯಲ್ಲೂ ಕಡಿಮೆ ಮುರಿಯುತ್ತದೆ. ಜೊತೆಗೆ ಐವತ್ತು ರೊಟ್ಟಿಗೆ ಅರ್ಧ ಕೆ.ಜಿ.ಯಂತೆ ಶೇಂಗಾ ಚಟ್ನಿಪುಡಿ, ಬೇರೆ ಡಬ್ಬದಲ್ಲಿ. ರೊಟ್ಟಿಯ ಜೊತೆಗೇ ಇಟ್ಟರೆ ಎಣ್ಣೆ ಹೀರಿ ರೊಟ್ಟಿ ಮೆತ್ತಗಾಗುತ್ತದೆ.